ಮೂಡಲಗಿರಿಯಪ್ಪನ ಕಾರಿನ ಪಿಕಪ್

ನಮ್ಮ ಕೊಂಡ್ಲಹಳ್ಳಿಯಲ್ಲಿ ಮೂಡಲಗಿರಿಯಪ್ಪನ ಕಾರು ಹತ್ತದವರು ಕಡಿಮೆ. ಮದುವೆ ಸೀರೆಗೆಂದು ಮೊಳಕಾಲ್ಮೂರಿಗೆ ಹೋಗುವವರು, ಕೋರ್ಟಿನ ವಾಯಿದೆಗೆ ಚಳ್ಳಕೆರೆಗೆ ಓಡುವವರು, ಹೆರಿಗೆಗೆ ಹೊರಟ ಹೆಣ್ಣುಮಕ್ಕಳು, ಎಲ್ಲರೂ ಮೊದಲು ಅವನ ಮನೆಯ ಮುಂದೆ ನಿಂತು ಕರೆಯುತ್ತಿದ್ದರು. ಕಾರು ತುಂಬ ಹಳೆಯದು. ಬಳ್ಳಾರಿಯ ಎಂಜಿನಿಯರೊಬ್ಬರು ವರ್ಷಗಟ್ಟಲೆ ಓಡಿಸಿ ಸಾಕಾದ ಮೇಲೆ ಕೊಟ್ಟ ಬಿಳಿ ಸೆಡಾನು, ಹಿಂದೆ ಡಿಕ್ಕಿ ಉದ್ದಕ್ಕೆ ಚಾಚಿಕೊಂಡದ್ದು. ಅದಕ್ಕೆ ಗ್ಯಾಸ್ ಕಿಟ್ ಹಾಕಿಸಿ, ಮೇಲೆ ಕಬ್ಬಿಣದ ಕ್ಯಾರಿಯರ್ ಕೂರಿಸಿ, ಸೀಟುಗಳಿಗೆ ಹೂವಿನ ಕವರು ತೊಡಿಸಿ ಗಿರಿಯಪ್ಪ ಜೋಪಾನವಾಗಿ ಇಟ್ಟುಕೊಂಡಿದ್ದ.

ಜೋರಾಗಿ ಓಡಿಸುವ ಮನುಷ್ಯನೇ ಅಲ್ಲ ಅವನು. ಹಿಂದೆ ಈರುಳ್ಳಿ ಟೆಂಪೋ ಓಡಿಸುತ್ತಿದ್ದಾಗಲೂ ಹಾಗೆಯೇ. ಗುಂಡಿ ಬಂದರೆ ನಿಂತು, ದನ ಬಂದರೆ ನಿಂತು, ಎದುರಿಗೆ ಪರಿಚಯದವರು ಬಂದರೆ ಅವರನ್ನೂ ಮಾತಾಡಿಸಿ ಹೋಗುವವನು. ಹುಡುಗರು ಅವನನ್ನು ಎತ್ತಿನಗಾಡಿ ಗಿರಿಯಪ್ಪ ಎಂದು ಆಡಿಕೊಂಡರೆ ಅವನೂ ನಗುತ್ತಿದ್ದ. ಮುದುಕಿಯರಿಗೆ ಅವನೆಂದರೆ ನಂಬಿಕೆ. ಅವನ ಕಾರಿನಲ್ಲಿ ಕೂತರೆ ಹೊಟ್ಟೆಯ ನೀರು ಅಲ್ಲಾಡುವುದಿಲ್ಲ ಎನ್ನುತ್ತಿದ್ದರು.

ಅವನಿಗೆ ತಾಯಿಯಂತೆ ಇದ್ದವಳು ಅವನ ಅಕ್ಕ. ಹೆಸರೇ ಚಿಕ್ಕಕ್ಕ. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವ್ವ ಅಪ್ಪ ಇಬ್ಬರೂ ತೀರಿಕೊಂಡ ಮೇಲೆ ಕುರಿ ಕಾಯ್ದು ತಮ್ಮನನ್ನು ಬೆಳೆಸಿದಳು, ಲೈಸೆನ್ಸು ಮಾಡಿಸಿಕೊಟ್ಟಳು, ಗೀತಮ್ಮನನ್ನು ತಂದು ಮದುವೆ ಮಾಡಿದಳು. ಕಾರು ಬಂದ ದಿನ ಚಕ್ರದಡಿ ನಿಂಬೆಹಣ್ಣು ಇಟ್ಟವಳೂ ಅವಳೇ.

ಶೇಂಗಾ ಕೀಳುವ ಕಾಲದಲ್ಲಿ ಒಂದು ಬೆಳಿಗ್ಗೆ ಚಿಕ್ಕಕ್ಕನಿಗೆ ಹಾವು ಕಚ್ಚಿತು. ಕಿತ್ತು ಒಟ್ಟಿದ್ದ ಬಳ್ಳಿಯ ಗುಡ್ಡೆಗೆ ಕೈ ಹಾಕಿದ್ದಳು, ಅದರಡಿ ನಾಗರಹಾವು ಮಲಗಿತ್ತು. ಅವಳು ಕೂಗಲೂ ಇಲ್ಲವಂತೆ. ಸೆರಗು ಹರಿದು ಮುಂಗೈಗೆ ಬಿಗಿದುಕೊಂಡು ತಾನೇ ನಡೆದು ಮನೆಗೆ ಬಂದಳು. ಗಿರಿಯಪ್ಪ ಕಾರು ತೆಗೆದ. ಗೀತಮ್ಮ ಹಿಂದೆ ಕೂತು ಅತ್ತಿಗೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಪಕ್ಕದ ಮನೆಯವನಾದ ನಾನು ಮುಂದೆ ಕೂತೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಇಂಜೆಕ್ಷನ್ ಕೊಟ್ಟರು. ಉಸಿರಾಟ ಕೈಕೊಡುವ ಹಾಗೆ ಕಾಣುತ್ತದೆ, ಉಸಿರಿನ ಯಂತ್ರ ಬೇಕಾಗಬಹುದು, ತಡಮಾಡದೆ ಚಳ್ಳಕೆರೆಗೆ ಒಯ್ಯಿರಿ ಎಂದರು.

ಹೆದ್ದಾರಿಯಲ್ಲಿ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಒಂದು ಕಡೆ ಅಗೆದು ಬಿಟ್ಟಿದ್ದರಿಂದ ಹೋಗುವ ಬರುವ ಗಾಡಿಗಳೆಲ್ಲ ಒಂದೇ ಪಟ್ಟಿಯಲ್ಲಿ ಹಾಯಬೇಕು. ತಳಕು ಊರಿನ ಆಚೆ ಏರಿನಲ್ಲಿ ನಮ್ಮ ಮುಂದೆ ಗಾಳಿಯಂತ್ರದ ರೆಕ್ಕೆ ಹೊತ್ತ ಟ್ರೈಲರ್ ಸಿಕ್ಕಿತು. ಆ ರೆಕ್ಕೆ ಎಷ್ಟು ಉದ್ದವೆಂದರೆ ಅದರ ತುದಿ ನಮ್ಮ ಕಣ್ಣ ಮುಂದಿದ್ದರೆ ಲಾರಿಯ ತಲೆ ಎಲ್ಲೋ ಏರಿನ ಮೇಲಿತ್ತು. ಗಿರಿಯಪ್ಪ ಬಲಕ್ಕೆ ತೆಗೆಯುತ್ತಿದ್ದ, ಆಕ್ಸಿಲೇಟರ್ ಪೂರ್ತಿ ತುಳಿಯುತ್ತಿದ್ದ, ಕಾರು ಗೊರಗುಟ್ಟುತ್ತಿತ್ತೇ ಹೊರತು ಮುಂದಕ್ಕೆ ಹಾರುತ್ತಿರಲಿಲ್ಲ. ರೆಕ್ಕೆಯ ಅರ್ಧಕ್ಕೆ ಬರುವಷ್ಟರಲ್ಲಿ ಎದುರಿಗೆ ಗಾಡಿ ಬರುತ್ತಿತ್ತು, ಮತ್ತೆ ಹಿಂದೆ ಸರಿಯುತ್ತಿದ್ದ. ಹೀಗೆ ಎಷ್ಟೋ ಸಲ. ಹಿಂದಿನ ಸೀಟಿನಿಂದ ಗೀತಮ್ಮ, ಅಕ್ಕನ ರೆಪ್ಪೆ ಏಳುತ್ತಿಲ್ಲ ಎಂದಳು. ಆಮೇಲೆ ಬಾಯಿಂದ ನೊರೆ ಬರುತ್ತಿದೆ ಎಂದಳು. ಆಮೇಲೆ ಅವಳು ಏನೂ ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಎಲ್ಲ ಪ್ರಯತ್ನ ಮಾಡಿದರು. ಆಗಲಿಲ್ಲ. ಇನ್ನೂ ಸ್ವಲ್ಪ ಮುಂಚೆ ತಂದಿದ್ದರೆ ಉಳಿಯುತ್ತಿದ್ದಳೇ ಎಂದು ಗಿರಿಯಪ್ಪ ಕೇಳಿದ. ಖಂಡಿತ ಹೇಳಲಾಗದು, ವಿಷ ಬಹಳ ಏರಿತ್ತು ಎಂದು ಡಾಕ್ಟರು ಮೆತ್ತಗೆ ಹೇಳಿದರು. ನನಗೆ ಕೇಳಿದ್ದು ಅಷ್ಟು. ಗಿರಿಯಪ್ಪನಿಗೆ ಕೇಳಿದ್ದೇ ಬೇರೆ.

ಅಕ್ಕನ ದಿನದ ಕಾರ್ಯವೆಲ್ಲ ಮುಗಿದ ಮೇಲೆ ಅವನು ಕಾರು ತೆಗೆದುಕೊಂಡು ಚಳ್ಳಕೆರೆಯ ಜಂಬುಲಿಂಗಪ್ಪನ ಗ್ಯಾರೇಜಿಗೆ ಹೋದ. ನನ್ನನ್ನೂ ಕರೆದುಕೊಂಡಿದ್ದ. ಜಂಬುಲಿಂಗಪ್ಪ ಅವನಿಗಿಂತ ಹಿರಿಯ, ಕೈಗೆ ಯಾವಾಗಲೂ ಆಯಿಲು ಮೆತ್ತಿಕೊಂಡಿರುವ, ಮಾತು ಕಡಿಮೆಯ ಮೆಕ್ಯಾನಿಕ್. ಈ ಕಾರಿಗೆ ಪಿಕಪ್ ಬರಬೇಕು, ಎಷ್ಟು ಬರುತ್ತದೋ ಅಷ್ಟೂ ಬರಬೇಕು ಎಂದ ಗಿರಿಯಪ್ಪ. ಹೊಸ ಎಂಜಿನ್ನು ಹಾಕಿಸುವ ತಾಕತ್ತು ತನಗಿಲ್ಲ, ಇದ್ದದ್ದರಲ್ಲೇ ಆಗಬೇಕು ಎಂದೂ ಹೇಳಿದ.

"ಹೊಸ ಕುದುರೆ ಕಟ್ಟಾದು ಆಮ್ಯಾಕಿನ ಮಾತು ಕಣೋ," ಎಂದ ಜಂಬುಲಿಂಗಪ್ಪ ಬಾನೆಟ್ ಎತ್ತುತ್ತ. "ಕಂಪ್ನಿಯೋನು ಕೊಟ್ಟಿದ್ದ ಹಾರ್ಸ್‌ಪವರ್ರೇ ಅರ್ಧ ಎಲ್ಲೋ ಸೋರಿ ಹೋಗೈತೆ. ಮೊದ್ಲು ಅದನ್ನ ವಾಪಸ್ ಕರಕಂಡು ಬರಾಣ."

ಅವನು ಹೇಳಿದ್ದು ನಿಜವಾಗಿತ್ತು. ಏರ್ ಫಿಲ್ಟರ್ ತೆಗೆದಾಗ ಅದರೊಳಗೆ ನಮ್ಮೂರಿನ ಕೆಂಪು ಧೂಳು, ಶೇಂಗಾ ಹೊಟ್ಟು ಸೇರಿ ಕಂಬಳಿಯ ಹಾಗೆ ಕಟ್ಟಿತ್ತು. ಮೂಗು ಮುಚ್ಚಿಕೊಂಡು ಓಡುವವನ ಸ್ಥಿತಿ ಅದರದು. ಪ್ಲಗ್ಗುಗಳು ಕರಿ ಹಿಡಿದು ತುದಿ ಸವೆದಿದ್ದವು. ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರುಗಳು ಅರ್ಧ ಕಟ್ಟಿಕೊಂಡಿದ್ದವು, ಗಾಳಿ ಹೋಗುವ ಬಾಯಿಗೆ ಮಸಿ ಗಟ್ಟಿಯಾಗಿತ್ತು. ವಾಲ್ವುಗಳ ಸಂದು ಸರಿಯಿರಲಿಲ್ಲ. ಕ್ಲಚ್ ಜಾರುತ್ತಿತ್ತು, ಅಂದರೆ ಎಂಜಿನ್ನು ಪಟ್ಟ ಕಷ್ಟವೆಲ್ಲ ಚಕ್ರಕ್ಕೆ ತಲುಪುತ್ತಿರಲಿಲ್ಲ. ಗ್ಯಾಸಿನಲ್ಲಿ ಓಡುವುದರಿಂದಲೂ ಒಂದಿಷ್ಟು ಬಲ ತಗ್ಗುತ್ತದೆ ಎಂದ ಜಂಬುಲಿಂಗಪ್ಪ. ಗಿರಿಯಪ್ಪ ಗ್ಯಾಸ್ ಕಿಟ್ ಬಿಚ್ಚಿಸಿದ. ಕಬ್ಬಿಣದ ಕ್ಯಾರಿಯರ್ ಇಳಿಸಿದ. ಡಿಕ್ಕಿಯಲ್ಲಿದ್ದ ಹಗ್ಗ, ಹಾರೆ, ಹಳೇ ಬ್ಯಾಟರಿ, ಎಂದೋ ಯಾರೋ ಬಿಟ್ಟುಹೋಗಿದ್ದ ಸಿಮೆಂಟಿನ ಮೂಟೆ ಎಲ್ಲ ಹೊರಗೆ ಬಂದವು. ಚಕ್ರಗಳಿಗೆ ಸರಿಯಾದ ಗಾಳಿ ಹಾಕಿದರು.

ಹೊರಟಾಗ ಕಾರು ಬೇರೆಯದೇ ಆಗಿತ್ತು. ಹೆದ್ದಾರಿಗೆ ಬಿದ್ದೊಡನೆ ಗಿರಿಯಪ್ಪ ತುಳಿದ, ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ನಾನು ಅವನ ಮುಖ ನೋಡಿದೆ. ಸಂತೋಷಪಡುತ್ತಾನೆ ಅಂದುಕೊಂಡಿದ್ದೆ. ಅವನ ಕಣ್ಣು ರಸ್ತೆಯ ತುದಿಯಲ್ಲಿತ್ತು. ಇದು ಆ ದಿನ ಇದ್ದಿದ್ದರೆ ಎಂದ, ಅಷ್ಟೇ.

ಮುಂದಿನ ತಿಂಗಳಲ್ಲಿಯೇ ಊರಿಗೆ ಅದರ ಉಪಯೋಗವೂ ಆಯಿತು. ಪುಷ್ಪಲತಾ ಎಂಬ ಹೆಣ್ಣುಮಗಳಿಗೆ ಹೆರಿಗೆಗೆ ಮುಂಚೆಯೇ ರಕ್ತ ಹೋಗಲು ಶುರುವಾಯಿತು. ಗಿರಿಯಪ್ಪ ಅವಳನ್ನು ಚಳ್ಳಕೆರೆಗೆ ಒಯ್ದ ರಭಸಕ್ಕೆ ಅವಳ ಗಂಡ ಇಳಿದವನೇ ವಾಂತಿ ಮಾಡಿಕೊಂಡನಂತೆ. ತಾಯಿ ಮಗು ಇಬ್ಬರೂ ಉಳಿದರು. ಊರಿನವರು ಗಿರಿಯಪ್ಪನಿಗೆ ಕೈ ಮುಗಿದರು. ನನಗನ್ನಿಸುತ್ತದೆ, ಆ ದಿನ ಅವನ ಕಾರು ನಿಧಾನಕ್ಕೆ ಹೋಗಿದ್ದರೂ ಅವರು ಉಳಿಯುತ್ತಿದ್ದರೇನೋ. ಆದರೆ ಹಾಗೆಂದು ಅವನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಅಂದಿನಿಂದ ಅವನಿಗೆ ಬಂದಷ್ಟು ಬಲ ಸಾಲದೆ ಹೋಯಿತು.

ಮತ್ತೆ ಜಂಬುಲಿಂಗಪ್ಪನ ಹತ್ತಿರ ಹೋದ. ಹೊಗೆ ಕೊಳವೆ ಬದಲಿಸಿಕೊಡು, ಗಾಳಿ ಎಳೆಯುವ ಕೊಳವೆಯನ್ನು ಬಿಸಿಯಿಲ್ಲದ ಕಡೆಗೆ ತಿರುಗಿಸಿಕೊಡು ಎಂದ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಅವನಿಗೆ ಇವೆಲ್ಲ ಬಾಯಿಪಾಠವಾಗಿದ್ದವು. ಜಂಬುಲಿಂಗಪ್ಪ ಗಾಡಿಯನ್ನು ಜಾಕಿಗೆ ಏರಿಸಿ ನಾಲ್ಕೂ ಚಕ್ರ ಬಿಚ್ಚಿ ನೋಡಿದ. ಹಿಂದಿನ ಚಕ್ರದ ಬ್ರೇಕು ಸಿಲಿಂಡರ್ ಒಸರುತ್ತಿತ್ತು. ಮುಂದಿನ ಡಿಸ್ಕುಗಳು ಸವೆದು ತೆಳ್ಳಗಾಗಿದ್ದವು. ರಬ್ಬರಿನ ಹೋಸುಗಳು ಬಿರಿದಿದ್ದವು. ಬ್ರೇಕ್ ಆಯಿಲು ಕಾಫಿ ಡಿಕಾಕ್ಷನ್ನಿನ ಹಾಗೆ ಕಪ್ಪಾಗಿತ್ತು. ಹಳೇ ಆಯಿಲು ನೀರು ಕುಡಿದುಕೊಂಡಿರುತ್ತದೆ, ಬ್ರೇಕು ಕಾದಾಗ ಕುದಿಯುತ್ತದೆ, ಆಗ ಪೆಡಲ್ಲು ತುಳಿದರೆ ಕಾಲಿಗೆ ಏನೂ ಸಿಗುವುದಿಲ್ಲ ಎಂದು ವಿವರಿಸಿದ.

"ಮೊದ್ಲು ಇದಕ್ಕೆ ನಿಂತ್ಕಳಾದು ಕಲ್ಸಾಣ, ಆಮ್ಯಾಕೆ ಓಡಾದು," ಎಂದ. "ಎರಡು ದಿನ ಗಾಡಿ ಇಲ್ಲೇ ಬಿಟ್ಟೋಗು. ಸಾಮಾನು ದುರ್ಗದಿಂದ ತರಿಸ್ಬೇಕು."

"ಎರಡು ದಿನ ಬಿಡಕ್ಕಾಗಲ್ಲ ಜಂಬಣ್ಣ. ಅಷ್ಟ್ರಾಗೆ ಯಾರಿಗಾರ ಏನಾರ ಆದ್ರೆ?"

"ಬ್ಯಾರೆ ಗಾಡಿ ಇಲ್ವೇನೋ ನಿಮ್ಮೂರಾಗೆ?"

ಗಿರಿಯಪ್ಪ ಕೀಲಿಗೆ ಕೈ ಚಾಚಿದ. ಬ್ರೇಕು ಮುಂದಿನ ವಾರ ಮಾಡಿಸುತ್ತೇನೆ ಎಂದ. ಹಾಗಾದರೆ ಮಿಕ್ಕ ಕೆಲಸವನ್ನೂ ನಾನು ಮುಂದಿನ ವಾರವೇ ಮಾಡುತ್ತೇನೆ ಎಂದು ಜಂಬುಲಿಂಗಪ್ಪ ಚಕ್ರಗಳನ್ನು ಹಾಕಿ ಕಳಿಸಿಬಿಟ್ಟ.

ಗಿರಿಯಪ್ಪ ಮುಂದಿನ ವಾರ ಹೋಗಲಿಲ್ಲ. ಬಳ್ಳಾರಿಗೆ ಹೋದ. ಅಲ್ಲಿ ಯಾರೋ ಹೊಗೆ ಕೊಳವೆ ಕೊಯ್ದು ಅಗಲವಾದದ್ದು ಬೆಸೆದರು. ಇನ್ನೊಬ್ಬ ಲ್ಯಾಪ್‌ಟಾಪಿನ ವೈರು ಸಿಕ್ಕಿಸಿ ಎಂಜಿನ್ನಿನ ಕಂಪ್ಯೂಟರಿನಲ್ಲಿ ಏನೇನೋ ಬದಲಿಸಿಕೊಟ್ಟ. ಒಂದೇ ಮಧ್ಯಾಹ್ನದ ಕೆಲಸ. ಸಂಜೆ ಊರಿಗೆ ಬಂದಾಗ ಕಾರು ಬರುವ ಮುಂಚೆಯೇ ಅದರ ಸದ್ದು ಬಂತು. ಒಣ ಕೆರೆಯ ಏರಿಯಾಚೆ ಏನೋ ಪ್ರಾಣಿ ಕೆಮ್ಮಿದ ಹಾಗೆ, ಒಡಲಿನಿಂದ ಎದ್ದು ಬರುವ ಸದ್ದು. ಬೀದಿಯ ನಾಯಿಗಳು ಓಡಿ ಬಂದು ಬೊಗಳುವುದನ್ನು ಬಿಟ್ಟು ಗೋಡೆಗೆ ಒತ್ತಿಕೊಂಡು ನಿಂತವು.

ಅಲ್ಲಿಂದಾಚೆಗೆ ಗಿರಿಯಪ್ಪ ಬದಲಾದ. ಕಾರಿನ ಮೂತಿ ಯಾವಾಗಲೂ ರಸ್ತೆಯ ಕಡೆಗೇ ಇರಬೇಕು, ಅದರ ಮುಂದೆ ಯಾರೂ ಸೈಕಲ್ಲು ಕೂಡ ನಿಲ್ಲಿಸಬಾರದು. ಕೀಲಿ ಉಡಿದಾರಕ್ಕೆ ಕಟ್ಟಿಕೊಂಡಿರುತ್ತಿದ್ದ. ಉಣ್ಣುವಾಗ ಯಾರಾದರೂ ದನಿ ಎತ್ತರಿಸಿ ಮಾತಾಡಿದರೆ ತಟ್ಟೆ ಬಿಟ್ಟು ಎದ್ದು ನಿಲ್ಲುತ್ತಿದ್ದ. ಯಾರಿಗೆ ಜ್ವರ, ಯಾರಿಗೆ ಎದೆನೋವು, ಯಾರು ಬಸುರಿ ಎಂಬುದೆಲ್ಲ ಅವನಿಗೆ ಗೊತ್ತಿರುತ್ತಿತ್ತು. ಹುಷಾರಿಲ್ಲದವರ ಮನೆಯ ಮುಂದೆ ಕಾರು ನಿಲ್ಲಿಸಿ ಸುಮ್ಮನೆ ಕೂತಿರುತ್ತಿದ್ದ. ಮೊದಮೊದಲು ಅದನ್ನು ಪ್ರೀತಿಯೆಂದುಕೊಂಡವರಿಗೆ ಆಮೇಲೆ ಹೆದರಿಕೆಯಾಗತೊಡಗಿತು. ತಮ್ಮ ಮನೆಯ ಮುಂದೆ ಆ ಬಿಳಿ ಕಾರು ಬಂದು ನಿಂತರೆ ಬಾಗಿಲು ಹಾಕಿಕೊಳ್ಳುವವರೂ ಇದ್ದರು.

ಹಿರಿಯರಾದ ಬೊಮ್ಮಲಿಂಗಪ್ಪನವರು ಒಂದು ದಿನ ಬಿ.ಜಿ. ಕೆರೆಯಿಂದ ಅವನ ಕಾರಿನಲ್ಲಿ ಬರುತ್ತಿದ್ದರು. ಅವರಿಗೇನೂ ಕಾಯಿಲೆಯಿರಲಿಲ್ಲ, ಬ್ಯಾಂಕಿನ ಕೆಲಸಕ್ಕೆ ಹೋಗಿದ್ದವರು. ಗಿರಿಯಪ್ಪ ಓಡಿಸಿದ ಪರಿಗೆ ಅವರು ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಅರ್ಧ ದಾರಿಯಲ್ಲಿ ನಿಲ್ಲಿಸು ಎಂದರು. ನಿಲ್ಲಿಸಿದ. ಇಳಿದು, ಕೋಲೂರಿಕೊಂಡು, ಉರಿ ಬಿಸಿಲಿನಲ್ಲಿ ನಡೆಯಲು ಶುರುಮಾಡಿದರು. ಗಿರಿಯಪ್ಪ ಪಕ್ಕದಲ್ಲೇ ಕಾರು ತಂದು ಕೂತುಕೊಳ್ಳಿ ಎಂದು ಎಷ್ಟು ಕರೆದರೂ ತಿರುಗಿ ನೋಡಲಿಲ್ಲ. ಅಂದಿನಿಂದ ಬಾಡಿಗೆ ಕರೆಯುವವರು ಕಡಿಮೆಯಾದರು. ಗಿರಿಯಪ್ಪ ತನಗೆ ಅದೇ ಬೇಕಾಗಿತ್ತು ಎನ್ನುವ ಹಾಗೆ ಇದ್ದ. ಕಾರು ಬಿಡುವಾಗಿಯೇ ಇರಬೇಕು, ಯಾವಾಗ ಏನು ಬರುತ್ತದೋ ಎನ್ನುತ್ತಿದ್ದ.

ಗೀತಮ್ಮ ಬಹಳ ದಿನ ಸಹಿಸಿದಳು. ಒಂದು ಸಂಜೆ ನಾನು ಅವರ ಕಟ್ಟೆಯ ಮೇಲೆ ಕೂತಿದ್ದಾಗಲೇ ಅವನಿಗೆ ಹೇಳಿದಳು.

"ನೀನು ಯಾರ್ನೂ ಆಸ್ಪತ್ರೆಗೆ ಒಯ್ತಿಲ್ಲ. ಅಕ್ಕನ್ನೇ ದಿನಾ ಒಯ್ತಿದೀಯ. ಅವಳು ಸತ್ತಿದಾಳೆ. ನನ್ನ ತೊಡೆ ಮ್ಯಾಲೇ ಸತ್ಲು. ಆ ಏರು ಹತ್ತಾಕಿಂತ ಮುಂಚೇನೇ ಅವಳ ಕೈ ತಣ್ಣಗಾಗಿತ್ತು."

ಗಿರಿಯಪ್ಪ ಅವಳನ್ನು ನೋಡಿದ. ಅಷ್ಟು ದಿನ ಅವಳು ಈ ಮಾತು ಹೇಳಿರಲಿಲ್ಲ. ಅವನು ಎದ್ದು ಕಾರಿನ ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತ. ಆ ಮಾತನ್ನು ಅವನು ನಂಬಲಿಲ್ಲವೆಂದು ನನಗೆ ಅವನ ಬೆನ್ನು ನೋಡಿಯೇ ಗೊತ್ತಾಯಿತು. ತನ್ನನ್ನು ಸಮಾಧಾನ ಮಾಡಲು ಹೆಂಡತಿ ಹೇಳಿದ ಸುಳ್ಳು ಅಂದುಕೊಂಡ.

ನಾಯಕನಹಟ್ಟಿ ಕಡೆಯಿಂದ ಚಳ್ಳಕೆರೆಗೆ ಬರುವಾಗ ವರವು ಕಾವಲು ಎಂಬ ಹುಲ್ಲುಗಾವಲಿನ ಅಂಚಿಗೆ ರಸ್ತೆ ನೇರವಾಗಿ ಬಿದ್ದಿದೆ. ಹಿಂದೆ ಕಣ್ಣು ಹಾಯುವಷ್ಟೂ ಹುಲ್ಲು. ಈಗ ಬೇಲಿ, ಗೋಡೆ, ಒಳಗೆ ಸರ್ಕಾರದವರು ವಿಮಾನ ಪರೀಕ್ಷಿಸುವ ಜಾಗ. ಆಕಾಶದಲ್ಲಿ ಒಮ್ಮೊಮ್ಮೆ ಪೈಲಟ್ಟಿಲ್ಲದ ವಿಮಾನದ ಗುಂಯ್ ಎನ್ನುವ ಸದ್ದು ಕೇಳುತ್ತದೆ, ತಲೆಯೆತ್ತಿ ಹುಡುಕಿದರೆ ಏನೂ ಕಾಣುವುದಿಲ್ಲ. ಗಿರಿಯಪ್ಪ ಖಾಲಿ ಕಾರು ತೆಗೆದುಕೊಂಡು ಅಲ್ಲಿಗೆ ಹೋಗುವ ಅಭ್ಯಾಸ ಇಟ್ಟುಕೊಂಡ. ಆ ನೇರ ರಸ್ತೆಯಲ್ಲಿ ಪೂರ್ತಿ ತುಳಿದು ಓಡಿಸುವುದು, ತಟ್ಟನೆ ಬ್ರೇಕು ಹಾಕುವುದು, ತಿರುಗಿಸಿಕೊಂಡು ಮತ್ತೆ ಓಡಿಸುವುದು. ಎದುರಿಗೆ ಗಾಡಿ ಬಂದಾಗ ಮತ್ತೆ ಎಡಕ್ಕೆ ನುಗ್ಗಲು ಎಷ್ಟು ಜಾಗ ಬೇಕು ಎಂದು ಕಾಲಿಗೆ ಕಲಿಸುತ್ತಿದ್ದೆ ಎಂದು ಆಮೇಲೆ ನನಗೆ ಹೇಳಿದ.

ಕಾವಲಿಗೆ ಬೇಲಿ ಬಿದ್ದ ಮೇಲೆ ಮೇಯುವ ದನಗಳು ರಸ್ತೆಯ ಅಂಚಿಗೆ ಬಂದಿದ್ದವು. ಅವುಗಳಲ್ಲಿ ದೇವರ ಎತ್ತುಗಳ ಹಿಂಡೂ ಒಂದು. ನಮ್ಮ ಕಡೆಯ ಕಟ್ಟೆಮನೆಗಳವರು, ಅಂದರೆ ಕುಲದ ಕಟ್ಟುಪಾಡು ನೋಡುವ ಹಿರಿಮನೆಗಳವರು, ಈ ದನಗಳನ್ನು ದೇವರ ಹೆಸರಿಗೆ ಬಿಟ್ಟಿರುತ್ತಾರೆ. ಅವಕ್ಕೆ ಮೂಗುದಾರವಿಲ್ಲ, ನೊಗವಿಲ್ಲ, ಹಿಂಡಿನ ಹಸುಗಳ ಹಾಲು ಕರೆಯುವುದಿಲ್ಲ, ಯಾವುದನ್ನೂ ಮಾರುವುದಿಲ್ಲ. ಸತ್ತರೆ ಮನುಷ್ಯರಿಗೆ ಮಾಡುವ ಹಾಗೆ ಮಣ್ಣು ಮಾಡುತ್ತಾರೆ. ಅವನ್ನು ಕಾಯುವವನಿಗೆ ಕಿಲಾರಿ ಎನ್ನುತ್ತಾರೆ. ಆ ಹಿಂಡಿನ ಕಿಲಾರಿ ದೊಡ್ಡಪಾಲಯ್ಯ, ಹೆಗಲ ಮೇಲೆ ಕಂಬಳಿ ಹೊದ್ದ ಸಣಕಲು ಮನುಷ್ಯ, ಎತ್ತುಗಳೊಂದಿಗೆ ತೆಲುಗಿನಲ್ಲೇ ಮಾತಾಡುವವನು.

ಆ ದಿನ ಬಿಸಿಲು ಏರಿ ರಸ್ತೆಯ ಮೇಲೆ ನೀರಿನ ಹಾಗೆ ಹೊಳೆಯುತ್ತಿತ್ತು. ಗಿರಿಯಪ್ಪ ಆ ನೇರ ರಸ್ತೆಯಲ್ಲಿ ಹೋಗಿ ಬಂದು, ಹೋಗಿ ಬಂದು, ಮತ್ತೊಮ್ಮೆ ತುಳಿದ. ಬೇಲಿ ಮುಗಿಯುವ ಕಡೆ ಜಾಲಿಯ ಪೊದೆಗಳ ಸಂದಿನಿಂದ ಮೊದಲು ಒಂದು ಬಿಳಿ ಎತ್ತು ರಸ್ತೆಗೆ ಇಳಿಯಿತು, ಅದರ ಹಿಂದೆ ಮತ್ತೊಂದು, ಅದರ ಹಿಂದೆ ಇಡೀ ಹಿಂಡು. ಅವನು ಬ್ರೇಕು ತುಳಿದ. ಪೆಡಲ್ಲು ಸೀದಾ ಕೆಳಗೆ ಹೋಗಿ ತಳಕ್ಕೆ ತಾಗಿತು. ಕಾಲಿನಡಿ ಏನೂ ಇರಲಿಲ್ಲ. ಮತ್ತೆ ತುಳಿದ, ಮತ್ತೆ ಏನೂ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದ, ಗೇರು ಇಳಿಸಿದ, ಎಂಜಿನ್ನು ಕಿರುಚಿತು. ದೊಡ್ಡಪಾಲಯ್ಯ ಕಂಬಳಿ ಬೀಸುತ್ತ ದನಗಳ ಮುಂದಕ್ಕೆ ಓಡಿ ಬಂದದ್ದು ಅವನಿಗೆ ಕಂಡಿತು. ಎಡಕ್ಕೆ, ಬೇಲಿಯ ಕಡೆಗೆ ತಿರುಗಿಸಿದ. ಕಾರಿನ ಬಲ ಮೂಲೆ ಮುಂದಿದ್ದ ಬಿಳಿ ಎತ್ತಿಗೆ ಬಡಿಯಿತು. ಎತ್ತು ಕಿಲಾರಿಯ ಮೇಲೆ ಬಿತ್ತು. ಕಾರು ಬೇಲಿಯ ಕಲ್ಲುಕಂಬಕ್ಕೆ ಒರಗಿಕೊಂಡು ನಿಂತಿತು.

ಎಲ್ಲ ನಿಂತ ಮೇಲೂ ಎಂಜಿನ್ನು ಓಡುತ್ತಲೇ ಇತ್ತು, ಒಂದು ತೊದಲೂ ಇಲ್ಲದೆ. ಆ ಸದ್ದನ್ನು ತಾನು ಸಾಯುವವರೆಗೆ ಮರೆಯುವುದಿಲ್ಲ ಎನ್ನುತ್ತಾನೆ ಗಿರಿಯಪ್ಪ.

ಎತ್ತು ಮುಂಗಾಲು ಊರಿ ಎದ್ದು ನಿಂತಿತು. ಸ್ವಲ್ಪ ಹೊತ್ತು ಹಾಗೇ ನಿಂತು, ನಿಧಾನವಾಗಿ ಮಂಡಿಯೂರಿ, ಮಲಗಿತು. ದೊಡ್ಡಪಾಲಯ್ಯನ ತೊಡೆಯ ಮೂಳೆ ಮುರಿದು ಕಾಲು ಬೇರೆ ಕಡೆಗೆ ತಿರುಗಿತ್ತು, ಪಂಚೆ ಕೆಂಪಾಗುತ್ತಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. ರಸ್ತೆಯ ಎರಡೂ ಕಡೆ ಯಾವ ಗಾಡಿಯೂ ಇರಲಿಲ್ಲ. ಜೊತೆಗಿದ್ದ ಇನ್ನೊಬ್ಬ ಕಿಲಾರಿ ಗಿರಿಯಪ್ಪನನ್ನು ಹೊಡೆಯಲು ಕೋಲೆತ್ತಿದವನು, ಕೋಲು ಬಿಸಾಡಿ, ಪಾಲಯ್ಯನನ್ನು ಎತ್ತಲು ಕೈ ಹಚ್ಚಿದ. ಇಬ್ಬರೂ ಸೇರಿ ಅವನನ್ನು ಕಂಬಳಿಯಲ್ಲಿ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಗಾಯದ ಮೇಲೆ ಗಿರಿಯಪ್ಪ ತನ್ನ ಅಂಗಿಯನ್ನು ಬಿಗಿದು ಕಟ್ಟಿದ. ಆ ಕಿಲಾರಿ ದನಗಳ ಹತ್ತಿರ ಉಳಿಯಲೇಬೇಕಿತ್ತು.

ಹೀಗೆ ಗಿರಿಯಪ್ಪ ಸಾಯುವ ಹಾಗಿದ್ದ ಮನುಷ್ಯನೊಬ್ಬನನ್ನು ಕೂರಿಸಿಕೊಂಡು ಚಳ್ಳಕೆರೆಗೆ ಹೊರಟ. ಮುಂದೆ ರಸ್ತೆ ಖಾಲಿ, ಎಂಜಿನ್ನಿನಲ್ಲಿ ಬೇಕಾದಷ್ಟು ಬಲ, ಬ್ರೇಕು ಮಾತ್ರ ಇಲ್ಲ. ಎರಡನೇ ಗೇರಿನಿಂದ ಮೇಲೆ ಹೋಗುವ ಹಾಗಿಲ್ಲ. ಕಾಲು ಇಟ್ಟರೆ ಕಾರು ಮುಂದಕ್ಕೆ ಜಿಗಿಯುತ್ತಿತ್ತು, ತೆಗೆದರೆ ಗೇರು ಅದನ್ನು ಹಿಡಿದೆಳೆಯುತ್ತಿತ್ತು, ಪ್ರತಿ ಎಳೆತಕ್ಕೂ ಹಿಂದೆ ಪಾಲಯ್ಯ ಹಲ್ಲು ಕಚ್ಚುತ್ತಿದ್ದ. ಸೈಕಲ್ಲಿನವರು ಅವನನ್ನು ದಾಟಿ ಹೋದರು. ಸ್ಕೂಟರಿನ ಹೆಂಗಸೊಬ್ಬಳು ಒಡೆದ ಬಂಪರು ನೋಡುತ್ತ ದಾಟಿದಳು. ಗಿರಿಯಪ್ಪನಿಗೆ ಉಗುರಿನ ಬುಡದಲ್ಲೂ ಬೆವರು.

"ಎತ್ತು ಎದ್ದೈತಾ?" ಎಂದು ಕೇಳಿದ ಪಾಲಯ್ಯ.

"ಎದ್ದೈತೆ," ಎಂದ ಗಿರಿಯಪ್ಪ.

"ನಿಂತೈತಾ?"

"ನಿಂತೈತೆ. ನೀನು ಮಾತಾಡ್ಬ್ಯಾಡ."

ಸ್ವಲ್ಪ ದೂರ ಹೋದ ಮೇಲೆ ಪಾಲಯ್ಯ ಕಣ್ಣು ಮುಚ್ಚಿದ. ಗಿರಿಯಪ್ಪ ಕನ್ನಡಿಯಲ್ಲಿ ಅವನ ರೆಪ್ಪೆಗಳನ್ನು ನೋಡುತ್ತಿದ್ದ. ಅವು ಏಳಲಿಲ್ಲ. ಅವನ ಕಾಲು ತಾನಾಗಿಯೇ ಆಕ್ಸಿಲೇಟರ್ ಒತ್ತಿತು, ಕಾರು ಸಿಡಿದೆದ್ದಿತು. ಹಿಂದಿನಿಂದ ಕೈಯೊಂದು ಬಂದು ಅವನ ಬರಿ ಹೆಗಲನ್ನು ಹಿಡಿಯಿತು.

"ಮೆಲ್ಲಗ ಪೋನೀ ನಾಯನಾ," ಎಂದ ಪಾಲಯ್ಯ ಕಣ್ಣು ತೆರೆಯದೆ, ದನಗಳಿಗೆ ಹೇಳುವ ದನಿಯಲ್ಲೇ. ನಿಧಾನಕ್ಕೆ ಹೋಗಪ್ಪ ಎಂದು.

ಆ ಕೈ ಊರು ಮುಟ್ಟುವವರೆಗೂ ಅಲ್ಲೇ ಇತ್ತು. ಚಳ್ಳಕೆರೆಯ ಪೇಟೆಯಲ್ಲಿ ಗಿರಿಯಪ್ಪ ಹಾರ್ನಿನ ಮೇಲಿನ ಕೈ ತೆಗೆಯದೆ, ಮೊದಲ ಗೇರಿನಲ್ಲಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಬ್ರೇಕಿಲ್ಲ, ಸರೀರಿ ಎನ್ನುತ್ತ ಬಂದ. ತಳ್ಳುಗಾಡಿಯವರು ಗಾಡಿ ಎಳೆದುಕೊಂಡರು. ಆಸ್ಪತ್ರೆಯ ಗೋಡೆಯ ಪಕ್ಕ ಕಟ್ಟಡದ ಕೆಲಸಕ್ಕೆ ಹಾಕಿದ್ದ ಮರಳಿನ ಗುಡ್ಡೆಗೆ ಕಾರಿನ ಮೂತಿ ಹೊಗಿಸಿ ನಿಲ್ಲಿಸಿದ. ಪಾಲಯ್ಯನನ್ನು ಒಳಗೆ ಒಯ್ದ ಮೇಲೆ ಅಲ್ಲಿಯೇ ನೆಲದ ಮೇಲೆ ಕೂತ. ಸುದ್ದಿ ತಿಳಿದು ನಾವು ಹೋಗುವವರೆಗೂ ಹಾಗೇ, ಬರಿ ಮೈಯಲ್ಲಿ ಕೂತಿದ್ದ.

ಪಾಲಯ್ಯ ಉಳಿದ. ದಾವಣಗೆರೆಯಲ್ಲಿ ಆಪರೇಷನ್ ಆಗಿ ತೊಡೆಗೆ ಸರಳು ಹಾಕಿದರು. ಒಂದು ಕಾಲು ಗಿಡ್ಡವಾಗಿ, ಊರುಗೋಲಿಲ್ಲದೆ ನಡೆಯಲಾಗದವನಾದ. ಎತ್ತು ಸತ್ತದ್ದು ಅವನಿಗೆ ಆಸ್ಪತ್ರೆಯಲ್ಲೇ ಗೊತ್ತಾಯಿತು. ಯಾರೂ ಹೇಳಿರಲಿಲ್ಲ, ನೋಡಲು ಬಂದವರ ಮುಖ ನೋಡಿಯೇ ತಿಳಿದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದನಂತೆ. ಪೊಲೀಸ್ ಕೇಸಾಯಿತು. ಗಿರಿಯಪ್ಪ ನಡೆದದ್ದನ್ನು ನಡೆದ ಹಾಗೆಯೇ ಹೇಳಿದ. ಲೈಸೆನ್ಸು ಹೋಯಿತು, ಕಾರು ಸ್ಟೇಷನ್ನಿನ ಹಿಂದೆ ಬಿಸಿಲಿಗೆ ನಿಂತಿತು.

ಎತ್ತನ್ನು ಕಾವಲಿನ ಪಕ್ಕದಲ್ಲೇ ಮಣ್ಣು ಮಾಡಿದರು. ಹಾಲು ತುಪ್ಪ ಬಿಡುವ ದಿನ ಗಿರಿಯಪ್ಪನೂ ಹೋದ, ಗೀತಮ್ಮನೂ ಹೋದಳು. ಹೊಡೆಯುತ್ತಾರೆ ಎಂದು ನಾವು ಹೆದರಿದ್ದೆವು. ಯಾರೂ ಹೊಡೆಯಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ಕೊನೆಗೆ ಕಟ್ಟೆಮನೆಯ ಹಿರಿಯರು ಒಂದೇ ಮಾತು ಹೇಳಿದರು. ಪಾಲಯ್ಯನ ಜಾಗ ಖಾಲಿಯಾಗಿದೆ, ದನಗಳ ಹಿಂದೆ ನಡೆಯಲು ಒಂದು ಜೊತೆ ಕಾಲು ಬೇಕು ಎಂದರು. ಗಿರಿಯಪ್ಪ ಕಿಲಾರಿಗಳ ಹಾಗೆ ಅಲ್ಲಿಯೇ ಚಪ್ಪಲಿ ಬಿಟ್ಟ.

ಈಗ ಅವನು ಆ ಹಿಂಡಿನ ಜೊತೆ ಇದ್ದಾನೆ. ಮೊದಲು ಎತ್ತುಗಳು ಅವನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅವನ ಮೈಯ ವಾಸನೆ ಬಂದರೆ ಮೂಗರಳಿಸಿ ಸರಿಯುತ್ತಿದ್ದವು, ರಾಸುಗಳಿಗೆ ಎಲ್ಲ ನೆನಪಿರುತ್ತದೆ ಎಂದು ಇನ್ನೊಬ್ಬ ಕಿಲಾರಿ ಹೇಳಿದ. ಗಿರಿಯಪ್ಪ ದೂರದಲ್ಲೇ ನಡೆದ. ವಾರಕ್ಕೊಮ್ಮೆ ಪಾಲಯ್ಯನ ಮನೆಗೆ ಹೋಗಿ ಪ್ರತಿ ಎತ್ತು ಹೇಗಿದೆ ಎಂದು ವರದಿ ಒಪ್ಪಿಸುತ್ತಾನೆ. ಪಾಲಯ್ಯ ಕೇಳಿಸಿಕೊಳ್ಳುತ್ತಾನೆ, ಯಾವುದಕ್ಕೆ ಏನು ಹೆಸರು, ಯಾವುದನ್ನು ಯಾವ ಕೂಗಿಗೆ ಕರೆಯಬೇಕು ಎಂದು ಕಲಿಸುತ್ತಾನೆ. ಕ್ಷಮಿಸಿದ್ದೇನೆ ಎಂದು ಒಮ್ಮೆಯೂ ಹೇಳಿಲ್ಲ, ಗಿರಿಯಪ್ಪ ಕೇಳಿಯೂ ಇಲ್ಲ.

ಕಾರನ್ನು ಕೋರ್ಟಿನಿಂದ ಬಿಡಿಸಿಕೊಂಡ ಮೇಲೆ ಗೀತಮ್ಮ ಅದನ್ನು ಜಂಬುಲಿಂಗಪ್ಪನಿಗೆ ಒಪ್ಪಿಸಿದಳು, ಬಿಚ್ಚಿ ಸಾಮಾನಿಗೆ ಹಾಕು, ಇಡಿಯಾಗಿ ಯಾರಿಗೂ ಕೊಡಬೇಡ ಎಂದಳು. ಅವನು ಹಾಗೆಯೇ ಮಾಡಿದ. ಆದರೆ ಅಷ್ಟರಲ್ಲಿ ಹಳೇ ಕಾರಿನ ಪಿಕಪ್ಪಿನ ಮಾತು ಸುತ್ತಲಿನ ಊರುಗಳಿಗೆಲ್ಲ ಹಬ್ಬಿತ್ತು. ಗಿರಿಯಪ್ಪನ ಗಾಡಿಗೆ ಮಾಡಿದ ಕೆಲಸ ನಮ್ಮದಕ್ಕೂ ಮಾಡಿಕೊಡು ಎಂದು ಹುಡುಗರು ಹಳೆಯ ಸೆಡಾನುಗಳನ್ನು ತಂದು ಜಂಬುಲಿಂಗಪ್ಪನ ಮುಂದೆ ನಿಲ್ಲಿಸುತ್ತಾರೆ. ಮೊದಲು ಚಕ್ರ ಬಿಚ್ಚಿ ಬ್ರೇಕು ನೋಡೋಣ ಎಂದರೆ, ಆಮೇಲೆ ಬರುತ್ತೇವೆ ಎಂದು ಬಳ್ಳಾರಿಯ ರಸ್ತೆ ಹಿಡಿಯುತ್ತಾರೆ.

ಮೊನ್ನೆ ನಾನು ಆ ಕಡೆ ಹೋಗಿದ್ದೆ. ಗಿರಿಯಪ್ಪ ಹಿಂಡನ್ನು ರಸ್ತೆ ದಾಟಿಸುತ್ತಿದ್ದ. ಗಡ್ಡ ಬಿಟ್ಟಿದ್ದಾನೆ, ಸಣ್ಣಗಾಗಿದ್ದಾನೆ, ಹೆಗಲ ಮೇಲೆ ಕಂಬಳಿ. ನಾವು ಮಾತಾಡುತ್ತ ನಿಂತಿದ್ದಾಗ ದೂರದಿಂದ ಆ ಸದ್ದು ಕೇಳಿತು, ಒಡಲಿನಿಂದ ಎದ್ದು ಬರುವ ಸದ್ದು. ಅವನು ರಸ್ತೆಯ ಕಡೆ ತಿರುಗಿದ. ಬಿಸಿಲು ಹೊಳೆಯುತ್ತಿದ್ದ ಕಡೆಗೆ ಕಣ್ಣು ಕಿರಿದು ಮಾಡಿ ನೋಡಿದ. ಕಂಬಳಿ ತೆಗೆದು ಕೈಯಲ್ಲಿ ಹಿಡಿದ. ಅರ್ಧ ಹಿಂಡು ಇನ್ನೂ ಈಚೆಗಿತ್ತು. ನೀನು ಈ ಕಡೆ ನಿಂತು ದನ ತಡಿ ಎಂದು ನನಗೆ ಹೇಳಿ, ಅವನು ರಸ್ತೆಯ ನಡುವೆ ಹೋಗಿ ಕಂಬಳಿ ಎತ್ತಿ ಬೀಸತೊಡಗಿದ.